ಹೈಸ್ಕೂಲಿನ ಮೊದಲ ವರ್ಷದಲ್ಲೇ ‘ಡ್ರಾಮಾ 1’ ತೆಗೆದುಕೊಳ್ಳಬಹುದೇ?

ಪ್ರಶ್ನೆ: ಫ್ರೀಮಾಂಟಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೇವೆ. ಮಗಳು ಈಗ ಎಂಟನೆಯ ತರಗತಿಯಲ್ಲಿದ್ದು, ಬರುವ ಆಗಸ್ಟಿನಲ್ಲಿ ಹೈಸ್ಕೂಲು ಸೇರುತ್ತಾಳೆ. ವಿಷಯಗಳನ್ನು ಆರಿಸಿ ತುಂಬಿ ಕೊಡಬೇಕಾದ ಹಾಳೆ ಮನೆಗೆ ಬಂದು ವಾರವಾಯಿತು. ಇಂಗ್ಲಿಷ್, ಗಣಿತ, ಜೀವವಿಜ್ಞಾನ, ಸ್ಪ್ಯಾನಿಷ್, ವ್ಯಾಯಾಮ ಎಲ್ಲವನ್ನೂ ಬರೆದ ಮೇಲೆ ಒಂದೇ ಒಂದು ಐಚ್ಛಿಕ ವಿಷಯಕ್ಕೆ ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಅವಳು ಪೆನ್ಸಿಲಿನಿಂದ ‘ಡ್ರಾಮಾ 1’ ಎಂದು ಬರೆದಿದ್ದಾಳೆ. ಅವಳ ಅಪ್ಪ ಅದನ್ನು ಅಳಿಸದೆ, ಪಕ್ಕದಲ್ಲಿ ‘ಕಂಪ್ಯೂಟರ್ ಸೈನ್ಸ್’ ಎಂದು ಬರೆದು ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ.

ನನಗೆ ಅಚ್ಚರಿ ತಂದದ್ದು ಬೇರೆಯೇ. ನಮ್ಮ ಹುಡುಗಿಗೆ ಮಾತು ಬಹಳ ಕಡಿಮೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ನಾಲ್ಕು ಸಾಲಿನ ಪದ್ಯ ಹೇಳಲು ವೇದಿಕೆ ಹತ್ತಿ, ನನ್ನ ಸೆರಗು ಬಿಡದೆ, ಪದ್ಯವನ್ನು ನನ್ನಿಂದಲೇ ಹೇಳಿಸಿದವಳು. ನಾನು ಓದಿದ ಶಾಲೆಯಲ್ಲಿ ನಾಟಕವೆಂದರೆ ವಾರ್ಷಿಕೋತ್ಸವಕ್ಕೆ ತಿಂಗಳಿರುವಾಗ ಕನ್ನಡ ಮೇಷ್ಟ್ರು ದೊಡ್ಡ ಗಂಟಲಿನ ಏಳೆಂಟು ಮಕ್ಕಳನ್ನು ಆರಿಸಿಕೊಂಡು ಮಾಡಿಸುತ್ತಿದ್ದ ಸಂಗತಿ. ಉಳಿದವರು ಜಮಖಾನೆ ಹಾಸುತ್ತಿದ್ದೆವು. ಅದೊಂದು ಪಾಠವಾಗಬಹುದು, ವರ್ಷವಿಡೀ ನಡೆಯಬಹುದು, ಅದಕ್ಕೆ ಗ್ರೇಡು ಕೊಡಬಹುದು ಎಂಬುದು ನನ್ನ ಕಲ್ಪನೆಗೆ ಸುಲಭವಾಗಿ ಎಟುಕುತ್ತಿಲ್ಲ.

ಈ ತರಗತಿಯಲ್ಲಿ ದಿನನಿತ್ಯ ಏನು ಮಾಡಿಸುತ್ತಾರೆ? ಕಾಲೇಜಿನವರು ಇದನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಸಂಕೋಚದ ಮಗುವಿಗೆ ಇದರಿಂದ ಉಪಕಾರವಾಗುತ್ತದೆಯೋ, ಇದ್ದ ಧೈರ್ಯವೂ ಹೋಗುತ್ತದೆಯೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಸ್ಯಾನ್ ಹೋಸೆಯ ಅಪ್ಪ

ನನ್ನ ಇಬ್ಬರು ಮಕ್ಕಳ ಹೈಸ್ಕೂಲು ಮುಗಿದಿದೆ. ಆದ್ದರಿಂದ ಲೆಕ್ಕಾಚಾರದ ಭಾಗವನ್ನು ನಾನು ಹೇಳುತ್ತೇನೆ.

ನಮ್ಮ ರಾಜ್ಯದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರು ‘ಎ-ಜಿ’ ಎಂಬ ಏಳು ಗುಂಪುಗಳಲ್ಲಿ ಒಟ್ಟು 15 ವಾರ್ಷಿಕ ಕೋರ್ಸುಗಳನ್ನು ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡಿನಲ್ಲಿ ಮುಗಿಸಿರಬೇಕು. ಇದರಲ್ಲಿ ‘ಎಫ್’ ಗುಂಪು ದೃಶ್ಯ ಮತ್ತು ಪ್ರದರ್ಶನ ಕಲೆಗಳದು. ಅಲ್ಲಿ ಒಂದು ವರ್ಷದ ಓದು ಕಡ್ಡಾಯ. ಸಂಗೀತ, ನೃತ್ಯ, ಚಿತ್ರಕಲೆಗಳಂತೆ ರಂಗಭೂಮಿಯೂ ಈ ಗುಂಪಿನಲ್ಲೇ ಬರುತ್ತದೆ. ಅಂದರೆ ನಿಮ್ಮ ಮಗಳು ಇಂದಲ್ಲದಿದ್ದರೆ ನಾಳೆ, ನಾಲ್ಕು ವರ್ಷಗಳ ಒಳಗೆ, ಯಾವುದಾದರೊಂದು ಕಲೆಯನ್ನು ಓದಿಯೇ ತೀರಬೇಕು. ಪ್ರೋಗ್ರಾಮಿಂಗ್ ಕಲಿಸುವ ತರಗತಿ ಎಷ್ಟೇ ಉಪಯುಕ್ತವಾದರೂ ಆ ಜಾಗವನ್ನು ತುಂಬುವುದಿಲ್ಲ. ಅವಳ ತಂದೆಯವರಿಗೆ ಇಷ್ಟನ್ನು ಹೇಳಿದರೆ ಆ ಪ್ರಶ್ನಾರ್ಥಕ ಚಿಹ್ನೆ ತಾನಾಗಿ ಹತ್ತನೆಯ ತರಗತಿಗೆ ಸರಿದೀತು.

ನಮ್ಮವರಲ್ಲಿ ಅನೇಕರು ಎಡವುವುದು ಇಲ್ಲಿ: ಗುರುಗಳ ಮನೆಗೆ ಹೋಗಿ ಎಂಟು ವರ್ಷ ಕಲಿತ ಭರತನಾಟ್ಯವಾಗಲಿ, ಕರ್ನಾಟಕ ಸಂಗೀತವಾಗಲಿ ಈ ಎಫ್ ಗುಂಪಿಗೆ ಸಲ್ಲುವುದಿಲ್ಲ. ಅದನ್ನು ಅರ್ಜಿಯ ಬೇರೆ ಭಾಗದಲ್ಲಿ ಚಟುವಟಿಕೆಯೆಂದು ಬರೆಯಬಹುದು, ಅಷ್ಟೇ. ಹಿರಿಯ ಮಗಳು ರಂಗಪ್ರವೇಶ ಮುಗಿಸಿದವಳೆಂಬ ಧೈರ್ಯದಲ್ಲಿದ್ದ ನಮಗೆ ಈ ವಿಷಯ ತಿಳಿದಾಗ ಅವಳು ಹನ್ನೊಂದನೆಯ ತರಗತಿಯಲ್ಲಿದ್ದಳು.

ಇನ್ನೊಂದು ಸಂಗತಿ. ಯುಸಿ ತನ್ನ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಒಂಬತ್ತನೆಯ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಗ್ರೇಡುಗಳನ್ನು ಮಾತ್ರ ಹಿಡಿಯುತ್ತದೆ. ಒಂಬತ್ತರಲ್ಲಿ ತೆಗೆದುಕೊಂಡ ಡ್ರಾಮಾ 1 ಎಫ್ ಗುಂಪಿನ ಅಗತ್ಯವನ್ನು ತೀರಿಸುತ್ತದೆ. ಗ್ರೇಡು ಸ್ವಲ್ಪ ಇಳಿದರೂ ಜಿಪಿಎ ಲೆಕ್ಕ ಕೆಡುವುದಿಲ್ಲ. ಹೊಸತನ್ನು ಪ್ರಯತ್ನಿಸಿ ನೋಡಲು ಇದಕ್ಕಿಂತ ಒಳ್ಳೆಯ ವರ್ಷ ಸಿಗಲಾರದು. ನಿಮ್ಮ ಶಾಲೆಯ ತರಗತಿ ಎಫ್ ಎಂದು ಮಾನ್ಯವಾಗಿದೆಯೇ ಎಂಬುದನ್ನು ಮಾತ್ರ ಯುಸಿಯ ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿ ನೋಡಿಕೊಳ್ಳಿ.

ಉತ್ತರ: ಎರಡನೆಯ ವರ್ಷದ ವಿದ್ಯಾರ್ಥಿನಿ

ನಮಸ್ಕಾರ ಆಂಟಿ. ನಾನು ಐದು ವರ್ಷಗಳ ಹಿಂದೆ ಈ ತರಗತಿ ತೆಗೆದುಕೊಂಡಿದ್ದೆ. ಈಗ ಕಾಲೇಜಿನಲ್ಲಿ ಓದುತ್ತಿರುವುದು ಜೀವರಸಾಯನ ವಿಜ್ಞಾನ; ನಟಿಯಾಗುವ ಯೋಚನೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಮೊದಲ ದಿನ ಮೇಜು ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಮೂವತ್ತೆರಡು ಮಂದಿಯನ್ನು ವೃತ್ತಾಕಾರವಾಗಿ ನಿಲ್ಲಿಸಿದರು. ಪ್ರತಿಯೊಬ್ಬರೂ ತಮ್ಮ ಹೆಸರನ್ನು ಒಂದು ಅಂಗಚಲನೆಯೊಂದಿಗೆ ಹೇಳಬೇಕು, ಉಳಿದವರೆಲ್ಲ ಅದನ್ನು ಹಾಗೆಯೇ ಹಿಂತಿರುಗಿಸಬೇಕು. ನನ್ನ ಹೆಸರಿನಲ್ಲಿ ‘ಳ’ ಇದೆ. ಅಲ್ಲಿಯವರೆಗೆ ಎಲ್ಲ ಶಿಕ್ಷಕರಿಗೂ ಅದನ್ನು ‘ಲ’ ಎಂದೇ ಒಪ್ಪಿಸಿ ಸುಮ್ಮನಿದ್ದವಳು ಅಂದು ಯಾಕೋ ಸರಿಯಾಗಿಯೇ ಹೇಳಿದೆ. ಮೂವತ್ತೊಂದು ಜನ ನಾಲಿಗೆ ಮಡಚಲು ಹೆಣಗಿ ನಕ್ಕರು, ನಾನೂ ನಕ್ಕೆ.

ಆಮೇಲಿನ ಕೆಲವು ವಾರ ಬರೀ ಆಟಗಳು. ಎದುರು ಬದುರು ನಿಂತು ಒಬ್ಬರು ಇನ್ನೊಬ್ಬರ ಕನ್ನಡಿಯಾಗುವುದು, ಇಲ್ಲದ ಚೆಂಡನ್ನು ಅದರ ತೂಕ ತಪ್ಪದಂತೆ ಎಸೆಯುವುದು, ಅರ್ಥವಿಲ್ಲದ ಭಾಷೆಯಲ್ಲಿ ತರಕಾರಿ ಚೌಕಾಸಿ ಮಾಡುವುದು. ಮನೆಯಲ್ಲಿ ಹೇಳಿದಾಗ ಅಮ್ಮ, “ಇದನ್ನೆಲ್ಲ ಬಾಲವಾಡಿಯಲ್ಲೇ ಮುಗಿಸಿದ್ದೆಯಲ್ಲ” ಎಂದಿದ್ದರು. ಇಂಥ ಅನೇಕ ಆಟಗಳನ್ನು ರೂಪಿಸಿದವರು ವಯೋಲಾ ಸ್ಪೋಲಿನ್ ಎಂಬ ಮಹಿಳೆಯೆಂದೂ, 1930ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳೊಂದಿಗೆ ಕೆಲಸ ಮಾಡುತ್ತ ಅವರು ಇವನ್ನು ಬೆಳೆಸಿದರೆಂದೂ ನಮ್ಮ ಶಿಕ್ಷಕರು ಹೇಳಿದರು. ಒಬ್ಬರ ಭಾಷೆ ಮತ್ತೊಬ್ಬರಿಗೆ ಸರಿಯಾಗಿ ಬಾರದ ಮಕ್ಕಳು ಒಟ್ಟಿಗೆ ಆಡಲೆಂದು ಹುಟ್ಟಿದ ಆಟಗಳಿವು ಎಂದು ಗೊತ್ತಾದ ಮೇಲೆ ಆ ಚೌಕಾಸಿಯಾಟ ನನಗೆ ಬೇರೆಯಾಗಿ ಕಾಣತೊಡಗಿತು.

ನಂತರ ರಂಗದ ಭಾಷೆ ಕಲಿಸಿದರು. ಸ್ಟೇಜ್ ರೈಟ್ ಎಂದರೆ ಪ್ರೇಕ್ಷಕರ ಬಲವಲ್ಲ, ಅವರತ್ತ ಮುಖ ಮಾಡಿ ನಿಂತ ನಟರ ಬಲ. ಅಪ್‌ಸ್ಟೇಜ್ ಎಂದರೆ ಪ್ರೇಕ್ಷಕರಿಂದ ದೂರದ ಭಾಗ. ಹಿಂದೆ ಯುರೋಪಿನ ರಂಗಮಂದಿರಗಳಲ್ಲಿ ವೇದಿಕೆಯನ್ನು ಹಿಂದಕ್ಕೆ ಏರುವಂತೆ ಇಳಿಜಾರಾಗಿ ಕಟ್ಟುತ್ತಿದ್ದುದರಿಂದ ಆ ಹೆಸರು ಉಳಿದುಕೊಂಡಿದೆ. ಇದಕ್ಕೊಂದು ಕಿರುಪರೀಕ್ಷೆಯೂ ಇತ್ತು. ಡಿಸೆಂಬರಿನ ಹೊತ್ತಿಗೆ ಇಬ್ಬರು ಸೇರಿ ಮಾಡುವ ದೃಶ್ಯ, ವಸಂತದಲ್ಲಿ ಒಂದೂವರೆ ನಿಮಿಷದ ಏಕಪಾತ್ರಾಭಿನಯ.

ಆ ಏಕಪಾತ್ರಾಭಿನಯದ ದಿನ ನಾನು ನಾಲ್ಕನೆಯ ಸಾಲಿಗೆ ಬಂದು ಎಲ್ಲವನ್ನೂ ಮರೆತೆ. ಯಾರೂ ಸಾಲು ಎತ್ತಿಕೊಡಲಿಲ್ಲ. ಶಿಕ್ಷಕರು, “ಈ ಹೆಂಗಸಿಗೆ ಈಗ ಏನು ಬೇಕಾಗಿದೆ?” ಎಂದಷ್ಟೇ ಕೇಳಿದರು. “ಬಾಗಿಲು ತೆರೆಯಬೇಕು” ಎಂದೆ. “ಹಾಗಾದರೆ ಅದನ್ನೇ ಕೇಳು” ಎಂದರು. ಕೇಳಿದೆ, ಸಾಲುಗಳು ಹಿಂದೆಯೇ ಬಂದವು. ಗ್ರೇಡು ಬಿ ಬಂತು. ಅದರ ಬಹುಪಾಲು ದಿನದಿನದ ಪಾಲ್ಗೊಳ್ಳುವಿಕೆಗೆ ಮತ್ತು ಬರೆದ ಟಿಪ್ಪಣಿಗಳಿಗೆ ಸಿಕ್ಕಿದ್ದು, ನಟನೆಯ ಜಾಣ್ಮೆಗೆ ಕಡಿಮೆ. ಹೀಗಾಗಿ ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋಗುವ ಯೋಜನೆಯಿದ್ದರೆ ಶಿಕ್ಷಕರಿಗೆ ಮೊದಲೇ ತಿಳಿಸಿ, ಏಕೆಂದರೆ ಅವಳು ಇಲ್ಲದಿದ್ದರೆ ಅವಳ ಜೊತೆಗಾರರ ದೃಶ್ಯವೂ ನಿಂತುಹೋಗುತ್ತದೆ.

ಉತ್ತರ: ಭಿನ್ನಮತಿ

ಮೇಲಿನ ಇಬ್ಬರೂ ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ, ಆದರೆ ನನ್ನ ಮಗನ ಅನುಭವ ಅಷ್ಟು ಹಿತವಾಗಿರಲಿಲ್ಲ. ಅವನ ತರಗತಿಯ ಅರ್ಧದಷ್ಟು ಮಕ್ಕಳು ಬೇರೆ ಯಾವ ಐಚ್ಛಿಕ ವಿಷಯದಲ್ಲೂ ಜಾಗ ಸಿಗದೆ ಅಲ್ಲಿಗೆ ಬಂದವರು. ಒಬ್ಬರು ಮನಸ್ಸಿಟ್ಟು ಮಾಡುವಾಗ ಹಿಂದಿನಿಂದ ಕಿಸಕ್ಕನೆ ನಗುವವರಿದ್ದರೆ, ಸಂಕೋಚದ ಮಗು ತನ್ನೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ಎಲ್ಲವೂ ಶಿಕ್ಷಕರು ಕೋಣೆಯನ್ನು ಹೇಗೆ ಹಿಡಿದಿಡುತ್ತಾರೆ ಎಂಬುದರ ಮೇಲಿದೆ. ಶಾಲೆಯ ವಸಂತದ ನಾಟಕಕ್ಕೆ ಹೋಗಿ ನೋಡಿ. ಮುಖ್ಯ ಪಾತ್ರಗಳನ್ನು ಬಿಟ್ಟು, ಹಿಂದೆ ಸುಮ್ಮನೆ ನಿಂತಿರುವ ಮಕ್ಕಳನ್ನು ಗಮನಿಸಿ. ಅವರು ಮಾತಾಡುವವರ ಮಾತನ್ನು ಕೇಳಿಸಿಕೊಳ್ಳುತ್ತಿದ್ದರೆ ಶಿಕ್ಷಕರು ಒಳ್ಳೆಯವರು.

ಉತ್ತರ: ಉಡುಪಿ ಕಡೆಯವನು

ಭಿನ್ನಮತಿಯವರ ಕೊನೆಯ ಮಾತು ಲಕ್ಷ ರೂಪಾಯಿಯದು. ನಾನು ಈ ದೇಶದಲ್ಲಿ ಎಂದೂ ನಾಟಕ ಕಲಿಸಿದವನಲ್ಲ; ಕನ್ನಡ ಕೂಟಕ್ಕೆ ವರ್ಷಕ್ಕೊಂದು ನಾಟಕ ಮಾಡಿಸುತ್ತೇನೆ, ಅದಕ್ಕೂ ಮೊದಲು ಒಂದು ಬೇಸಿಗೆಯಲ್ಲಿ ಮೈಸೂರಿನ ರಂಗಾಯಣದ ಚಿನ್ನರ ಮೇಳದಲ್ಲಿ ಮಕ್ಕಳ ಹಿಂದೆ ಮುಂದೆ ಓಡಾಡಿಕೊಂಡಿದ್ದೆ. ಅಲ್ಲಿ ಕಂಡದ್ದೆಂದರೆ, ಗಟ್ಟಿಯಾಗಿ ಮಾತಾಡುವ ಮಗು ಮೊದಲ ವಾರ ಮಿಂಚುತ್ತದೆ, ಗಮನವಿಟ್ಟು ನೋಡುವ ಮಗು ನಾಲ್ಕನೆಯ ವಾರ ಮಿಂಚುತ್ತದೆ. ನಿಮ್ಮ ಮಗಳು ಎರಡನೆಯ ಜಾತಿಗೆ ಸೇರಿದವಳಂತೆ ಕಾಣುತ್ತಾಳೆ.

ಇಲ್ಲಿನ ತರಗತಿಗಳಲ್ಲಿ ಇಂಪ್ರೊವೈಸೇಶನ್ (ಮೊದಲೇ ಬರೆದಿಡದೆ ಸ್ಥಳದಲ್ಲೇ ಕಟ್ಟುವ ನಟನೆ) ಎಂದು ಮಾಡಿಸುವುದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮೂರಿನ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಕುಳಿತಿರುವ ಅರ್ಥಧಾರಿ ಆ ಪದ್ಯದ ಹಂದರದ ಮೇಲೆ ಮಾತನ್ನು ಅಲ್ಲಿಯೇ, ಆ ಕ್ಷಣದಲ್ಲಿಯೇ ಕಟ್ಟುತ್ತಾನೆ. ಬರೆದಿಟ್ಟ ಸಂಭಾಷಣೆ ಎಂಬುದೇ ಇಲ್ಲ. ಇಲ್ಲಿಯ ಮಕ್ಕಳಿಗೆ ಮೊದಲು ಕಲಿಸುವ ನಿಯಮ ‘ಹೌದು, ಮತ್ತು’ ಎಂಬುದು: ಜೊತೆಗಾರ ನಿನ್ನನ್ನು ವೈದ್ಯ ಎಂದು ಕರೆದರೆ ನೀನು ವೈದ್ಯನೇ; ಅಲ್ಲವೆಂದು ಆಟ ಕೆಡಿಸಬೇಡ, ಅದಕ್ಕೆ ನಿನ್ನದೊಂದನ್ನು ಸೇರಿಸು. ತಾಳಮದ್ದಳೆಯಲ್ಲಿ ಕೃಷ್ಣನೂ ಕೌರವನೂ ಗಂಟೆಗಟ್ಟಲೆ ವಾದಿಸುತ್ತಾರೆ, ಒಬ್ಬರ ಮಾತನ್ನು ಒಬ್ಬರು ಕತ್ತರಿಸುತ್ತಾರೆ. ಹಾಗಿದ್ದರೂ ಒಬ್ಬರು ಹಾಕಿದ ನೆಲೆಯನ್ನು ಇನ್ನೊಬ್ಬರು ಒಪ್ಪಿಕೊಂಡೇ ಮೇಲೆ ಕಟ್ಟಬೇಕು, ಇಲ್ಲದಿದ್ದರೆ ಕೂಟ ಬೀಳುತ್ತದೆ. ಎದುರಿನವನ ಮಾತನ್ನು ಪೂರ್ತಿ ಕೇಳದವನು ಎಂಥ ಪಂಡಿತನಾದರೂ ಒಳ್ಳೆಯ ಅರ್ಥಧಾರಿಯಾಗುವುದಿಲ್ಲ. ನಮ್ಮ ಅಜ್ಜನ ಕಾಲದ ಹಿರಿಯರು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮಾಡುತ್ತಿದ್ದುದನ್ನು ಮಗಳು ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಣ್ಣ ಪ್ರಮಾಣದಲ್ಲಿ ಕಲಿಯಲಿದ್ದಾಳೆ ಎಂದುಕೊಳ್ಳಿ.

ಇನ್ನು ವೇದಿಕೆಯ ಭಯ. ವಿದ್ಯಾರ್ಥಿನಿಯ ಶಿಕ್ಷಕರು “ಈ ಹೆಂಗಸಿಗೆ ಏನು ಬೇಕಾಗಿದೆ?” ಎಂದು ಕೇಳಿದರಲ್ಲ, ಅದು ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಕಡೆಯಿಂದ ಬಂದ ದಾರಿ. ‘ನಾನು ಹೇಗೆ ಕಾಣುತ್ತಿದ್ದೇನೆ’ ಎಂದು ಯೋಚಿಸುವವರ ಕೈಕಾಲು ಕಟ್ಟಿಹೋಗುತ್ತವೆ. ಎದುರಿರುವವನಿಂದ ತನಗೇನು ಬೇಕು ಎಂಬುದರ ಮೇಲೆ ಮನಸ್ಸು ನಿಂತರೆ ಸಂಕೋಚಪಡಲು ಪುರುಸೊತ್ತು ಇರುವುದಿಲ್ಲ. ರಾಜ್ಯೋತ್ಸವದ ದಿನ ಪದ್ಯ ಹೇಳಲು ನಿಂತ ಮಗುವಿಗೆ ಯಾರಿಂದಲೂ ಏನೂ ಬೇಕಾಗಿರಲಿಲ್ಲ, ಕೆಳಗಿಳಿಯುವುದೊಂದನ್ನು ಬಿಟ್ಟು. ಆ ಒಂದು ಪ್ರಸಂಗದಿಂದ ಅವಳನ್ನು ಅಳೆಯಬೇಡಿ.

ನಟನೆ ಹಿಡಿಸದಿದ್ದರೂ ನಷ್ಟವಿಲ್ಲ. ಡ್ರಾಮಾ 1ರಲ್ಲಿ ಬೆಳಕು, ಧ್ವನಿ, ರಂಗಸಜ್ಜಿಕೆ, ಪರಿಕರಗಳ ಪರಿಚಯವನ್ನೂ ಸಾಮಾನ್ಯವಾಗಿ ಮಾಡಿಸುತ್ತಾರೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಯಲ್ಲಿ, ಒಂದು ರಾತ್ರಿ ಕೂತವರಿಗೆ ಗೊತ್ತು, ಆಟದ ಅರ್ಧ ಸೊಗಸು ರಂಗಸ್ಥಳಕ್ಕೆ ಬರುವ ಮೊದಲೇ ಇರುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಶಾಲೆಯ ತರಗತಿ ಎಫ್ ಪಟ್ಟಿಯಲ್ಲಿದೆ, ನೋಡಿದೆ. ಎ-ಜಿ ವಿಷಯ ಓದಿದ ಮೇಲೆ ನಮ್ಮವರು ಕಂಪ್ಯೂಟರ್ ಸೈನ್ಸನ್ನು ಮುಂದಿನ ವರ್ಷದ ಕಾಲಮಿಗೆ ಸಾಗಿಸಿದರು, ಪೆನ್ಸಿಲಿನಲ್ಲೇ. ಕನ್ನಡಿಯಾಟದ ವಿಷಯ ಮಗಳಿಗೆ ಹೇಳಿದೆ. ಅಡುಗೆಮನೆಯಲ್ಲಿ ನಾನು ಚಪಾತಿ ಲಟ್ಟಿಸುವಾಗ ಎದುರು ನಿಂತು ಒಂದು ಮಾತೂ ಆಡದೆ ಹತ್ತು ನಿಮಿಷ ನನ್ನಂತೆಯೇ ಲಟ್ಟಿಸಿದಳು, ನಾನು ಹಣೆಯ ಕೂದಲು ಸರಿಸಿಕೊಂಡದ್ದನ್ನೂ ಬಿಡಲಿಲ್ಲ. ಒಂದು ಸಂದೇಹ ಉಳಿದಿದೆ: ತರಗತಿ ಶುರುವಾದ ಮೇಲೆ ಅವಳಿಗೆ ಒಗ್ಗದಿದ್ದರೆ ಬದಲಿಸಲು ಆಗುತ್ತದೆಯೇ?

ಉತ್ತರ: ಸ್ಯಾನ್ ಹೋಸೆಯ ಅಪ್ಪ

ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿ ಅವಕಾಶವಿರುತ್ತದೆ. ಕೊನೆಯ ದಿನಾಂಕ ಶಾಲೆಯಿಂದ ಶಾಲೆಗೆ ಬೇರೆ, ಆಪ್ತ ಸಲಹೆಗಾರರನ್ನು ಈಗಲೇ ಕೇಳಿಟ್ಟುಕೊಳ್ಳಿ. ಆದರೆ ಕನ್ನಡಿಯಾಟದ ವಾರದಲ್ಲಿ ಮಾತ್ರ ಬದಲಿಸಲು ಹೋಗಬೇಡಿ. ಮೊದಲ ದೃಶ್ಯಕ್ಕೆ ಜೊತೆಗಾರರು ಯಾರೆಂದು ಗೊತ್ತಾಗುವವರೆಗಾದರೂ ಕಾಯಿರಿ.