ಸಹಾಯ ಬೇಕು: ಟೆಂಟ್ ಹಾಕೋ ಜಾಗ ತೋರಿಸುವ ಪುಸ್ತಕ ಇದೆಯಾ?

ಪುಣೆ ಕನ್ನಡಿಗರಿಗೆ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ನಾನು, ನಮ್ಮವರು, ಇಬ್ಬರು ಮಕ್ಕಳು ಕಾರಿನಲ್ಲಿ ಸಾತಾರಾ, ಕೊಲ್ಹಾಪುರ, ಅಂಬೋಲಿ ಘಾಟ್ ದಾಟಿ ಸಾವಂತವಾಡಿ ಕಡೆಯಿಂದ ಕಾರವಾರ, ಗೋಕರ್ಣಕ್ಕೆ ಹೊರಟಿದ್ದೇವೆ. ಟೆಂಟ್ ಇದೆ, ಸ್ಟೋವ್ ಇದೆ, ದುಡ್ಡೇ ಕಮ್ಮಿ.

ಅಮೆರಿಕದಲ್ಲಿರುವ ನಮ್ಮ ಭಾವನ ಹತ್ತಿರ ಒಂದು ದಪ್ಪ ಪುಸ್ತಕ ಇದೆ. ಪುಕ್ಕಟೆ ಮತ್ತು ಅಗ್ಗದ ಕ್ಯಾಂಪ್ ಜಾಗಗಳು, ಹೋಗುವ ದಾರಿ, ನೀರು ಮತ್ತು ಶೌಚಾಲಯ ಇದೆಯೋ ಇಲ್ಲವೋ, ಎಲ್ಲ ರಾಜ್ಯವಾರು ಬರೆದಿದ್ದಾರೆ. ಅಲ್ಲಿ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಸಾಮಾನ್ಯವಾಗಿ 14 ದಿನದವರೆಗೆ ಕಾಸಿಲ್ಲದೆ ಉಳಿಯಬಹುದಂತೆ. ನಮ್ಮಲ್ಲಿ ಅರಣ್ಯ ಇಲಾಖೆ ಜಾಗದಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವ ಹಾಗಿಲ್ಲ ಅಲ್ವಾ, ಹಾಗಾಗಿ ಆ ಪುಸ್ತಕ ಇಲ್ಲಿ ಸುಮ್ನೆ ನೋಡಿ ಆಸೆಪಡಲು ಮಾತ್ರ.

ಈ ದಾರಿಗೆ ಅಂಥ ಪುಸ್ತಕ, ಕನ್ನಡವೋ ಮರಾಠಿಯೋ ಇಂಗ್ಲಿಷೋ, ಯಾರಾದರೂ ಬಳಸಿದ್ದೀರಾ? ಹಳೆಯದಾದರೂ ಸರಿ, ಅಪ್ಪಾ ಬಳವಂತ ಚೌಕದ ಪುಸ್ತಕದ ಅಂಗಡಿಗಳಲ್ಲಿ ಹುಡುಕುತ್ತೇನೆ. ಪುಸ್ತಕ ಇಲ್ಲದಿದ್ದರೆ ನೀವೇ ಉಳಿದ ಜಾಗ ಹೇಳಿ: ದೇವಸ್ಥಾನದ ಭಕ್ತ ನಿವಾಸ, ಅಂಗಳ ಕೊಡುವ ರೈತರ ಮನೆ, ರಾತ್ರಿ ಕಾರು ನಿಲ್ಲಿಸಲು ಬಿಡುವ ಢಾಬಾ, ಏನಾದರೂ ಸರಿ. ಲೋಣಾವಳ ಹತ್ತಿರದ ಪವನಾ ಕೆರೆ ಮಾತ್ರ ಬೇಡ. ಹೋದ ವರ್ಷ ಅಲ್ಲಿ ತಲೆಗಿಷ್ಟು ಅಂತ ದುಡ್ಡು ಕೊಟ್ಟು ರಾತ್ರಿಯಿಡೀ ಪಕ್ಕದವರ ಡಿಜೆ ಕೇಳಿದ್ದೇವೆ.

ಶೌಚಾಲಯ ಇರುವ ಜಾಗವಾದರೆ ಮೊದಲೇ ಬರೆಯಿರಿ, ಚಿಕ್ಕವಳಿಗೆ ಐದೇ ವರ್ಷ.