ದೊಡ್ಡ ಟೊಮೆಟೊ: ಕಾಯಿಯ ತಳ ಕಪ್ಪಾಗಿ ಹೋಗ್ತಿದೆ, ಯಾರಾದ್ರೂ ಹೇಳಿ

ತಾರಸಿ_ತರಕಾರಿ:
ಸಾಕಾಗಿ ಹೋಗಿದೆ. ಬೀಫ್‌ಸ್ಟೀಕ್ ಟೊಮೆಟೊ (ಒಂದೊಂದು ಹಣ್ಣು ಅರ್ಧ ಕೆಜಿವರೆಗೂ ತೂಗುವ ಜಾತಿ), ಬೆಂಗಳೂರು, ಮೂರನೇ ಮಹಡಿಯ ತಾರಸಿ. ಗಿಡ ನನ್ನೆತ್ತರ ಬೆಳೆದಿದೆ. ಕಾಯಿ ನಿಂಬೆಹಣ್ಣಿನಷ್ಟಾಗುವಾಗ ತಳದಲ್ಲಿ ಕಪ್ಪು ಕಲೆ. ಆಮೇಲೆ ಚರ್ಮದ ಥರ ಒಳಗೆ ಕುಸಿಯುತ್ತದೆ. ಹನ್ನೊಂದು ಕಾಯಿ ಹೋಯಿತು. ಔಷಧಿ ಎರಡು ಸಲ ಹೊಡೆದೆ. ಗೊಬ್ಬರ, ನೀರು ಎಲ್ಲಾ ಸರಿಯಾಗೇ ಕೊಡುತ್ತಿದ್ದೇನೆ.

ಕೆಮ್ಮಣ್ಣು:
ಇದು ತಳ ಕೊಳೆ. ರೋಗ ಅಲ್ಲ, ಔಷಧಿ ದುಡ್ಡು ದಂಡ. ಕಾಯಿಗೆ ಕ್ಯಾಲ್ಸಿಯಂ ಸಾಲುತ್ತಿಲ್ಲ. ಮೊಟ್ಟೆ ಸಿಪ್ಪೆ ಪುಡಿ ಹಾಕಿ.

ಹಿತ್ತಲು:
ಮತ್ತೆ ಮೊಟ್ಟೆ ಸಿಪ್ಪೆ! ಅದು ಕರಗುವುದಕ್ಕೆ ತಿಂಗಳುಗಟ್ಟಲೆ ಬೇಕು. ಕ್ಯಾಲ್ಸಿಯಂ ನೈಟ್ರೇಟ್ ಸಿಂಪಡಿಸಿ.

ಕೆಮ್ಮಣ್ಣು:
ಆರು ವರ್ಷದಿಂದ ಹಾಕುತ್ತಿದ್ದೇನೆ. ಒಂದು ಕಾಯಿ ಕೊಳೆತಿಲ್ಲ.

ಹಿತ್ತಲು:
ನೀವು ಬೆಳೆಯುವುದು ಗೋಲಿಯಷ್ಟು ನಾಟಿ ಟೊಮೆಟೊ. ಸಿಪ್ಪೆ ಹಾಕದಿದ್ದರೂ ಕೊಳೆಯುತ್ತಿರಲಿಲ್ಲ.

ಕೋಲಾರದ_ಕಡೆಯವ:
ತಳಿ ಬದಲಿಸಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ. ಎಲೆ ಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ.

ಹಿತ್ತಲು:
ರೋಗವೇ ಅಲ್ಲ ಅಂದ ಮೇಲೆ ಅದು ಯಾಕೆ ಸ್ವಾಮಿ? ಅದರ ಹಣ್ಣು 90-100 ಗ್ರಾಂ. ಇವರಿಗೆ ಅರ್ಧ ಕೆಜಿದು ಬೇಕು.

ಕೋಲಾರದ_ಕಡೆಯವ:
ಅರ್ಧ ಕೆಜಿ ಹಣ್ಣು ಯಾವ ಸಾರಿಗೆ ಹಾಕ್ತೀರಿ?

ಡ್ರಿಪ್_ಬಾಲ್ಕನಿ:
ನನ್ನದು 40 ಲೀಟರ್ ಬ್ಯಾಗ್, ಟೈಮರ್ ಇರುವ ಡ್ರಿಪ್, ಮೇಲೆ ನೆರಳು ಬಲೆ. ಪಕ್ಕದ ಚಿಗುರೆಲ್ಲ ಚಿವುಟಿ, ಗೊಂಚಲಿಗೆ ಎರಡೇ ಕಾಯಿ ಉಳಿಸುತ್ತೇನೆ. ಹೋದ ಚಳಿಗಾಲದಲ್ಲಿ ಒಂದು ಹಣ್ಣು 620 ಗ್ರಾಂ ತೂಗಿತು. ಅಡುಗೆಮನೆ ತಕ್ಕಡಿಯಲ್ಲೇ ತೂಗಿದ್ದು.

ಮಲೆನಾಡ_ಅತ್ತಿಗೆ:
ಬ್ಯಾಗ್ ಎಷ್ಟು ದೊಡ್ಡದು, ನೀರು ಹೇಗೆ ಹಾಕ್ತೀರಿ ಅಂತ ಯಾರೂ ಕೇಳಲೇ ಇಲ್ಲ ಅಲ್ವಾ? ಬುಡದಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ನೀರಿನ ಜೊತೆಗೇ ಕಾಯಿಗೆ ಹೋಗಬೇಕು. ಒಂದು ದಿನ ಒಣಗಿ, ಮರುದಿನ ತುಂಬಿ ತುಳುಕಿದರೆ ಮೊದಲ ಪೆಟ್ಟು ಕಾಯಿಯ ತುದಿಗೆ. ಎಲೆಗೆ ಸಿಂಪಡಿಸಿದ್ದು ಕಾಯಿಗೆ ಇಳಿಯುವುದಿಲ್ಲ, ಹಿತ್ತಲು ಅವರೇ.

ತಾರಸಿ_ತರಕಾರಿ:
9 ಇಂಚಿನ ಬ್ಯಾಗ್. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಸ್ವಲ್ಪ ಎರೆಗೊಬ್ಬರ. ದಿನಾ ನೀರು ಹಾಕುತ್ತೇನೆ. ಶನಿವಾರ, ಭಾನುವಾರ ಊರಿಗೆ ಹೋಗುತ್ತೇನೆ, ಅದಕ್ಕೇ ಶುಕ್ರವಾರ ಜಾಸ್ತಿ ಹೊಯ್ದಿರುತ್ತೇನೆ. ನೀರೂ ಚೆನ್ನಾಗೇ ಇದೆ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಮೆಷಿನ್ ಹೊರಗೆ ಬಿಡುತ್ತದಲ್ಲ, ಸುಮ್ನೆ ಯಾಕೆ ಚೆಲ್ಲೋದು ಅಂತ ಅದೇ.

ಮಲೆನಾಡ_ಅತ್ತಿಗೆ:
ಅಯ್ಯೋ! ಇದನ್ನು ಮೊದಲೇ ಹೇಳಬಾರದಾ? ಬೋರ್‌ವೆಲ್ ನೀರಿನ ಉಪ್ಪೆಲ್ಲ ಸೇರಿಕೊಳ್ಳುವುದು ಅದರಲ್ಲೇ. ಬುಡದಲ್ಲಿ ಉಪ್ಪು ಕೂತರೆ ಬೇರು ನೀರು ಎಳೆಯಲು ಒದ್ದಾಡುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಒಳ್ಳೆ ನೀರನ್ನು ತಳದಿಂದ ಹರಿದುಹೋಗುವಷ್ಟು ಹೊಯ್ದು ಬುಡ ತೊಳೆಯಿರಿ. ಬೇರು ಕದಡದೆ 15 ಇಂಚಿನ ಬ್ಯಾಗ್‌ಗೆ ಇಳಿಸಿ. ಮೇಲೆ ಒಣ ಎಲೆ ಮುಚ್ಚಿ. ಕೆಟ್ಟ ಕಾಯಿ ಕಿತ್ತುಬಿಡಿ, ಅವು ಇನ್ನು ಸರಿಹೋಗುವುದಿಲ್ಲ.

ಕೆಮ್ಮಣ್ಣು:
ಹೊಸ ಬ್ಯಾಗಿಗೆ ಒಂದು ಹಿಡಿ ಮೊಟ್ಟೆ ಸಿಪ್ಪೆನೂ ಹಾಕಿ.

ಹಿತ್ತಲು:
ಕೈ ಮುಗಿದೆ.

ತಾರಸಿ_ತರಕಾರಿ:
ಬ್ಯಾಗ್ ಬದಲಿಸಿದೆ ಅತ್ತಿಗೆ. ಎರಡು ಕೊಂಬೆ ಮುರಿದವು. ಈ ಶನಿವಾರ ಊರಲ್ಲಿ ಗೃಹಪ್ರವೇಶ ಬೇರೆ. ನೀರು ಯಾರು ಹಾಕೋದು?

ಡ್ರಿಪ್_ಬಾಲ್ಕನಿ:
ಅದಕ್ಕೇ ಟೈಮರ್ ಅಂದಿದ್ದು. ಫೋಟೋ ಹಾಕಲಾ?