ಅಪ್‌ಡೇಟ್: ಅಮ್ಮನ ಉಂಗುರಕ್ಕೆ ಕಲ್ಲು ಸಿಕ್ಕಿತು
ಕಾಫಿ ಕೊಯ್ಲಿನಲ್ಲಿ ಅಮ್ಮನ ಉಂಗುರದ ವಜ್ರ ಉದುರಿಹೋಯ್ತು, ಬದಲಿಗೆ ಎಂಥದ್ದು ಹಾಕಿಸಲಿ ಅಂತ ಕೇಳಿದ್ದೆ ಅಲ್ವಾ? ಕೆಲಸ ಮುಗಿಯಿತು.

ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಎರಡು ಕಲ್ಲು ತೋರಿಸಿದರು. ಎರಡೂ 0.30 ಕ್ಯಾರೆಟ್, ಸುಮಾರು 4.3 ಮಿ.ಮೀ., ಹಳೇ ಗೂಡಿಗೆ ಸರಿ. ಡಿ ಬಣ್ಣದ್ದಕ್ಕೆ (ಸ್ವಲ್ಪವೂ ಬಣ್ಣವಿಲ್ಲದ, ಎಲ್ಲಕ್ಕಿಂತ ಮೇಲಿನ ದರ್ಜೆ) ಬೆಲೆ ಜಾಸ್ತಿ, ಆದರೆ ಕಟ್, ಅಂದ್ರೆ ಕಲ್ಲನ್ನು ಕತ್ತರಿಸಿದ ಅಚ್ಚುಕಟ್ಟು, ಬರೀ 'ಗುಡ್'. ತುಸು ಹಳದಿ ಛಾಯೆಯ ಐ ಬಣ್ಣದ್ದರ ಕಟ್ 'ಎಕ್ಸಲೆಂಟ್'. ಅಂಗಡಿ ದೀಪದಡಿ ಎರಡೂ ಒಂದೇ. ಬಾಗಿಲಾಚೆ ಮೋಡದ ಬೆಳಕಿಗೆ ಹಿಡಿದೆ ನೋಡಿ, ಮೊದಲನೆಯದು ನಡುವೆ ಮಂಕು. ಎರಡನೆಯದು ಬೆರಳು ಅಲುಗಿದರೆ ಸಾಕು, ಮಿಣುಕುತ್ತಿತ್ತು. ಹಳದಿ ಚಿನ್ನದಲ್ಲಿ ಅದರ ಬಣ್ಣ ಗೊತ್ತೇ ಆಗಲ್ಲ. ಸುಮ್ನೆ ಡಿಗೆ ದುಡ್ಡು ಯಾಕೆ?

ಅಂಚಿನಲ್ಲಿ ಕೆತ್ತಿದ ಜಿಐಎ (ವಜ್ರ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆ) ನಂಬರನ್ನು ಲೂಪ್‌ನಲ್ಲಿ, ಅಂದ್ರೆ ಅಕ್ಕಸಾಲಿಗರ ಭೂತಗನ್ನಡಿಯಲ್ಲಿ, ನೋಡಿ ಸರ್ಟಿಫಿಕೇಟ್ ಜೊತೆ ತಾಳೆ ಹಾಕಿದೆ. ಕಲ್ಲನ್ನು ಹಿಡಿದಿಡುವ, ಸವೆದಿದ್ದ ನಾಲ್ಕು ಹಿಡಿಗಳನ್ನೂ ಹೊಸದಾಗಿ ಕಟ್ಟಿಸಿದೆ. ಅಮ್ಮ ಈಗ ಉಂಗುರ ಬಿಚ್ಚಿಟ್ಟೇ ತೋಟಕ್ಕೆ ಇಳಿಯುತ್ತಾರೆ.